ಕಡಲಿಗೆ ಕಾಲುದಾರಿ

ಧಾರವಾಡದ ತೆಂಕಣ ಮಗ್ಗುಲಲ್ಲಿ, ಸೋಮೇಶ್ವರನ ಗುಡಿಯ ಬಳಿ, ಶಾಲ್ಮಲೆ ಹುಟ್ಟುತ್ತದೆ. ಅದನ್ನು ನದಿಯೆಂದು ಕರೆಯಲು ನಮ್ಮೂರಿನವರಿಗೇ ಕೊಂಚ ಸಂಕೋಚ. ಬೇಸಗೆಯಲ್ಲಿ ಹೋಗಿ ನೋಡಿದವರು, “ಇದಕ್ಕೇನ್ ಹೊಳಿ ಅನ್ನೂದ್ರೀ!” ಎಂದು ನಕ್ಕು ಹಿಂದಿರುಗುವುದುಂಟು. ಈ ಬಡಕಲು ತೊರೆ ಮಾತ್ರ ಯಾರ ನಗೆಗೂ ಕಿವಿಗೊಡದೆ ಪಡುವಣಕ್ಕೆ ಮುಖ ಮಾಡಿ ಹೊರಡುತ್ತದೆ. ಕಲಘಟಗಿಯ ಸಮೀಪ ಬೇಡ್ತಿಯನ್ನು ಕೂಡಿಕೊಳ್ಳುತ್ತದೆ. ಯಲ್ಲಾಪುರದ ಅಡವಿಯಲ್ಲಿ ಮಾಗೋಡಿನ ಬಂಡೆಗಳಿಂದ ಧುಮುಕುತ್ತದೆ. ಘಟ್ಟವಿಳಿದ ಮೇಲೆ ಗಂಗಾವಳಿಯೆಂಬ ದೊಡ್ಡ ಹೆಸರನ್ನು ಪಡೆದು ಗೋಕರ್ಣದ ಉತ್ತರಕ್ಕೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನಮ್ಮ ಹಿತ್ತಲ ನೀರು ಹೀಗೆ ತಾನೇ ದಾರಿ ಕಂಡುಕೊಂಡು ಕಡಲಿಗೆ ಹೋಗುತ್ತಿರುವಾಗ, ನಾವು ಮಾತ್ರ ಕಡಲೆಂಬುದು ಯಾರೋ ಪರಕೀಯರ ಸೊತ್ತೆಂಬಂತೆ ವರ್ಷಕ್ಕೊಮ್ಮೆ ದೂರದಿಂದ ನೋಡಿ ಬರುತ್ತೇವೆ.

ಮೊದಲು ಹೀಗಿರಲಿಲ್ಲ. ಹುಬ್ಬಳ್ಳಿ-ಧಾರವಾಡಗಳಿಗೂ ಕಡಲಿಗೂ ಬಹು ಹಳೆಯ ನಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಎರೆಭೂಮಿಯ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರಕ್ಕೆ ಹೋಗುತ್ತಿತ್ತು. ಬೆಳೆದದ್ದು ಧಾರವಾಡ ಸೀಮೆಯಲ್ಲಾದರೂ ವಿಲಾಯತಿಯ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸು ಇಲಾಖೆಯಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದರು. ಅದರ ಹಿಂದಿದ್ದ ಕಾರಣಗಳಲ್ಲಿ ಈ ಹತ್ತಿಯ ವ್ಯಾಪಾರವೂ ಒಂದು. ರೈಲುದಾರಿಯು 1880ರ ದಶಕದ ಕೊನೆಗೆ ಮುರ್ಮಗೋವೆಯ ಬಂದರದತ್ತ ತಿರುಗಿತು. ಹತ್ತಿಯ ಅಂಡಿಗೆಗಳು ರೈಲನ್ನೇರಿದವು, ಘಟ್ಟದ ಬಂಡಿದಾರಿ ಸೊರಗಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ನೇರ ರೈಲು ಬರುವುದೆಂಬ ಮಾತನ್ನು ನಾವು ದಶಕಗಳಿಂದಲೂ ಕೇಳುತ್ತ ಬಂದಿದ್ದೇವೆ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆ ಹುಟ್ಟಿದ್ದು ನಮ್ಮಂಥವರನ್ನು ನೋಡಿಯೇ ಇರಬೇಕು.

ಈಗಿನ ನೆಂಟಸ್ತನದ ರೀತಿ ಬೇರೆ. ಹುಬ್ಬಳ್ಳಿಯಿಂದ ಗೋಕರ್ಣಕ್ಕೆ ಸುಮಾರು 150 ಕಿಲೋಮೀಟರು. ಕಲಘಟಗಿ, ಯಲ್ಲಾಪುರ, ಅರೆಬೈಲು ಘಟ್ಟ, ಅಂಕೋಲೆ ಎಂದು ಬಸ್ಸಾಗಲಿ ಮೋಟಾರಾಗಲಿ ಮುಂಜಾನೆ ಹೊರಟರೆ ಊಟದ ಹೊತ್ತಿಗೆ ಮೊದಲೇ ತಲುಪಿಸುತ್ತದೆ. ರವಿವಾರದ ಸಂಸಾರವಂದಿಗರು ಮೋಟಾರಿನಿಂದ ಇಳಿಯುತ್ತಾರೆ, ಮಕ್ಕಳು ಅಲೆಗೆ ಕಾಲೊಡ್ಡುತ್ತವೆ, ಕಡಲಿಗೆ ಬೆನ್ನು ಮಾಡಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಸಿಕೊಳ್ಳುವುದಾಗುತ್ತದೆ, ಸೀಯಾಳ ಕುಡಿಯುವುದಾಗುತ್ತದೆ, ಕತ್ತಲಾಗುವುದರೊಳಗೆ ಘಟ್ಟ ಹತ್ತಬೇಕೆಂಬ ಅವಸರದಲ್ಲಿ ಮರಳುವುದೂ ಆಗುತ್ತದೆ. ಅದರಲ್ಲಿ ದೋಷವೇನೂ ಇಲ್ಲ. ಆದರೆ ಹೀಗೆ ಬಂದವನು ಕಡಲನ್ನು ನೋಡಿದ್ದಾನೆ, ತಲುಪಿಲ್ಲ. ನೋಡುವುದಕ್ಕೆ ಕಣ್ಣು ಸಾಕು. ತಲುಪುವುದಕ್ಕೆ ಕಾಲು ಬೇಕು. ಕಾಲಿನ ಕೆಲಸಕ್ಕೆ ಗೋಕರ್ಣದಲ್ಲಿ ಒಂದು ದಾರಿ ಇದೆ. ಅದರ ವಿಚಾರವನ್ನು ಈ ವಾರ ವಾಚಕರ ಮುಂದಿಡುತ್ತೇನೆ.

ಗೋಕರ್ಣವು ದಕ್ಷಿಣ ಸಮುದ್ರದ ದಂಡೆಯ ಕ್ಷೇತ್ರವಾಗಿ ಕಾಳಿದಾಸನಿಗೂ ಗೊತ್ತಿದ್ದ ಊರು. ರಘುವಂಶದ ಎಂಟನೆಯ ಸರ್ಗದಲ್ಲಿ ಅಲ್ಲಿಯ ಈಶ್ವರನನ್ನು ಸೇವಿಸಲು ನಾರದನು ಆಕಾಶಮಾರ್ಗವಾಗಿ ಹೊರಟಿದ್ದಾನೆ. ಅವನ ವೀಣೆಯ ತುದಿಯ ಹೂಮಾಲೆ ಗಾಳಿಗೆ ಜಾರಿ ಅಜನ ಮಡದಿ ಇಂದುಮತಿಯ ಎದೆಯ ಮೇಲೆ ಬೀಳುತ್ತದೆ. ಅಷ್ಟರಿಂದಲೇ ಅವಳ ಪ್ರಾಣ ಹೋಗುತ್ತದೆ. ನಾರದನಂತೆ ಆಕಾಶದಲ್ಲಿ ಹೋಗುವ ಪುಣ್ಯ ನಮಗಿಲ್ಲ. ಹೂವಿನಂಥದೂ ಕೊಲ್ಲಬಲ್ಲುದು ಎಂಬ ಆ ಪ್ರಸಂಗದ ಮಾತನ್ನಾದರೂ ನೆನಪಿನಲ್ಲಿಟ್ಟುಕೊಂಡು ಹೊರಡಬಹುದು. ಮುಂದೆ ಅದು ಪ್ರಯೋಜನಕ್ಕೆ ಬರುತ್ತದೆ.

ಕಳೆದ ಚಳಿಗಾಲದಲ್ಲಿ ನಮ್ಮ ಕಾಲೇಜಿನ ಹನ್ನೆರಡು ಮಂದಿ ವಿದ್ಯಾರ್ಥಿಗಳೂ, ಅರ್ಥಶಾಸ್ತ್ರ ಕಲಿಸುವ ನನ್ನ ಗೆಳೆಯರೂ, ನಾನೂ ಈ ದಾರಿಯನ್ನು ಹಿಡಿದೆವು. ಬೆಳಗಿನ ಏಳು ಗಂಟೆಗೆ ಮಹಾಬಲೇಶ್ವರನಿಗೆ ಕೈಮುಗಿದು, ಊರ ಕಡಲ ದಂಡೆಯ ದಕ್ಷಿಣದ ಕೊನೆಗೆ ಬಂದು, ರಾಮತೀರ್ಥದ ಮಗ್ಗುಲಿನ ಗುಡ್ಡವನ್ನು ಹತ್ತಿದೆವು. ಗುಡ್ಡದ ನೆತ್ತಿ ಚಪ್ಪಟೆಯಾದ ಚಿರೆಕಲ್ಲಿನ ಹಾಸು. ಯುಗಯುಗಗಳ ಮಳೆ ಮಣ್ಣಿನೊಳಗಿನ ಕರಗುವ ಸತ್ವವನ್ನೆಲ್ಲ ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮುಗಳ ಅಂಶವನ್ನು ಮಾತ್ರ ಉಳಿಸಿದ್ದರಿಂದ ಆದ ಕಲ್ಲು ಇದು. ನೆಲದೊಳಗೆ ಇರುವಾಗ ಕೊಡಲಿಗೂ ಬಗ್ಗುವಷ್ಟು ಮೆದು. ಗಾಳಿಗೆ ತೆರೆದಿಟ್ಟರೆ ಗಟ್ಟಿ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ನನು ಈ ಜಾತಿಯ ಕಲ್ಲನ್ನು ಮಲಬಾರದಲ್ಲಿ ಕಂಡು, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದ ಬಂದ ಹೆಸರು ಅದು. ಕಾಲ್ನಡೆಯವರಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟೆ: ಈ ಕಲ್ಲಿನ ಮೇಲೆ ನೀರು ನಿಲ್ಲುವುದಿಲ್ಲ, ಮರ ದೊಡ್ಡದಾಗುವುದಿಲ್ಲ, ಹತ್ತು ಗಂಟೆಯ ಮೇಲೆ ಬಿಸಿಲು ಕೆಳಗಿನಿಂದಲೂ ಬರುತ್ತದೆ. ನೀರನ್ನು ಹೊತ್ತೇ ಹೋಗಬೇಕು.

ಗುಡ್ಡದ ಆಚೆಗೆ ಕುಡ್ಲೆ. ಎರಡು ಗುಡ್ಡಗಳ ತೋಳಿನಲ್ಲಿ ಬಾಗಿ ಮಲಗಿದ ಮರಳು. ಅಲ್ಲಿ ಉಪಾಹಾರಗೃಹಗಳಿವೆ, ತಂಗುವ ಮನೆಗಳಿವೆ, ದೇಶವಿದೇಶಗಳ ಜನರಿದ್ದಾರೆ. ಕುಡ್ಲೆಯ ಕೊನೆಯಲ್ಲಿ ಮತ್ತೆ ಏರು, ಮತ್ತೆ ಕಲ್ಲಿನ ಹಾಸು, ಮತ್ತೆ ಇಳಿತ. ಕೆಳಗೆ ಓಂ ಬೀಚು. ಎರಡು ಅರ್ಧಚಂದ್ರಗಳು ನಡುವಿನ ಬಂಡೆಯ ಬಳಿ ಕೂಡಿ ದೇವನಾಗರಿಯ ಓಂಕಾರದಂತೆ ಕಾಣುವುದರಿಂದ ಬಂದ ಹೆಸರು ಅದು. ಮೇಲಿನಿಂದ ನೋಡಿದವನಿಗಲ್ಲದೆ ಆ ಆಕಾರ ತಿಳಿಯುವುದಿಲ್ಲ. ಮೋಟಾರಿನ ರಸ್ತೆ ಇಲ್ಲಿಯವರೆಗೂ ಬರುತ್ತದೆ. ಇದರಾಚೆಗೆ ಬರುವುದಿಲ್ಲ.

ಹಾದಿಯ ನಿಜವಾದ ಗುಣ ಆರಂಭವಾಗುವುದು ಇಲ್ಲಿಂದಲೇ. ಓಂ ಬೀಚಿನ ದಕ್ಷಿಣದ ಅಂಚಿನಿಂದ ಒಂದು ಕಾಲುದಾರಿ ಗುಡ್ಡದ ಸೆರಗನ್ನು ಹಿಡಿದು ಹೋಗುತ್ತದೆ. ಎಡಕ್ಕೆ ಕುರುಚಲು ಕಾಡು, ಬಲಕ್ಕೆ ದರೆ, ದರೆಯ ಕೆಳಗೆ ಬಂಡೆಗೆ ಬಡಿಯುವ ನೀರು. ಒಬ್ಬರ ಹಿಂದೊಬ್ಬರು ಸಾಲಾಗಿ ನಡೆಯಬೇಕಾದಷ್ಟು ಕಿರಿದು. ಊರಿನಿಂದ ಅಲ್ಲಿಯವರೆಗೆ ಎಡೆಬಿಡದೆ ಮಾತನಾಡುತ್ತಿದ್ದ ನಮ್ಮ ವಿದ್ಯಾರ್ಥಿಗಳು ಇಲ್ಲಿ ತಾವಾಗಿಯೇ ಸುಮ್ಮನಾದರು. ಕಾಲು ಎಚ್ಚರವಾಗಿದ್ದಾಗ ನಾಲಗೆ ವಿಶ್ರಮಿಸಿಕೊಳ್ಳುತ್ತದೆ. ಅರ್ಧ ತಾಸಿನಲ್ಲಿ ಹಾಫ್ ಮೂನ್ ಎಂದು ಕರೆಯುವ ಸಣ್ಣ ದಂಡೆ ಬಂತು. ಮತ್ತೆ ಗುಡ್ಡ, ಮತ್ತೆ ಬಂಡೆಗಳ ನಡುವಿನ ಇಳಿಜಾರು, ಮತ್ತೊಂದು ಅರ್ಧ ತಾಸಿಗೂ ಮಿಕ್ಕ ನಡಿಗೆ. ಹನ್ನೊಂದು ಗಂಟೆಯ ಹೊತ್ತಿಗೆ, ಊರಿನಿಂದ ಆರೇಳು ಕಿಲೋಮೀಟರು ನಡೆದು, ಪ್ಯಾರಡೈಸ್ ಎಂಬ ಹೆಸರಿನ ದಂಡೆಗೆ ಇಳಿದೆವು. ಸ್ವರ್ಗವೆಂದು ಹೆಸರಿಟ್ಟವರು ಪರದೇಶದ ಪ್ರವಾಸಿಗಳಿರಬೇಕು. ನಮ್ಮವರಾಗಿದ್ದರೆ ಸ್ವರ್ಗಕ್ಕೆ ಇಷ್ಟು ಬೆವರು ಸುರಿಸಿ ಬರುವ ಪದ್ಧತಿಯನ್ನು ಒಪ್ಪುತ್ತಿರಲಿಲ್ಲ.

ಕೂಗಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಕೇಳಿಸುವಷ್ಟು ಚಿಕ್ಕ ದಂಡೆ. ಹಿಂದೆ ಮರಗಳ ನೆರಳು, ಎರಡೂ ಕಡೆ ಕರಿಯ ಬಂಡೆ, ಮುಂದೆ ನೀರು. ನಾವು ಹೋದಾಗ ಅಲ್ಲಿ ಏಳೆಂಟು ಜನರಿದ್ದರು. ಬುತ್ತಿಯ ಗಂಟು ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನಗಳನ್ನು ಹಂಚಿಕೊಂಡೆವು. ಎರೆಹೊಲದ ರೊಟ್ಟಿಯನ್ನು ಕಡಲ ಗಾಳಿಯಲ್ಲಿ ತಿನ್ನುವುದರ ರುಚಿಯನ್ನು ಬಣ್ಣಿಸುವುದಕ್ಕೆ ಹೋಗುವುದಿಲ್ಲ. ಗಾಳಿಯಲ್ಲಿಯೇ ಉಪ್ಪಿತ್ತು ಎಂದಷ್ಟು ಹೇಳಿದರೆ ಸಾಕು.

ಊಟವಾದ ಮೇಲೆ ನನ್ನ ಗೆಳೆಯರು ಮರಕ್ಕೆ ಒರಗಿ ಕಾಲು ನೀವಿಕೊಳ್ಳುತ್ತ, “ಅಲ್ರೀ ಮಾಸ್ತರ, ಇಷ್ಟ ಛಲೋ ಜಾಗಾಕ್ಕ ಒಂದು ರಸ್ತಾ ಮಾಡಿದರ ಸರಕಾರದ ಗಂಟೇನ್ ಹೋಗ್ತದ? ಮುದುಕರು, ಹೆಣ್ಣಮಕ್ಕಳು, ಸಣ್ಣ ಹುಡುಗರು ಎಲ್ಲಾರೂ ಬಂದು ನೋಡ್ತಾರ. ನಾಕು ಮಂದಿಗೆ ಉದ್ಯೋಗನೂ ಆಗ್ತದ,” ಎಂದರು. ಅರ್ಥಶಾಸ್ತ್ರಜ್ಞರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನಡೆಯಲಾರದವರಿಗೂ ಕಡಲಿನ ಮೇಲೆ ನಮ್ಮಷ್ಟೇ ಹಕ್ಕಿದೆ. ದಂಡೆಯ ಜನರಿಗೆ ದುಡಿಮೆ ಬೇಕು ಎಂಬುದೂ ನಿಜ.

ಆದರೆ ನಾವು ನಡೆದು ಬಂದ ದಾರಿಯೇ ಇದಕ್ಕೆ ಉತ್ತರ ಹೇಳುತ್ತಿತ್ತು. ಗೋಕರ್ಣದ ದಂಡೆಗೆ ರಸ್ತೆ ಇದೆ. ಓಂ ಬೀಚಿನ ನೆತ್ತಿಗೂ ಇದೆ. ನಡೆಯಲಾರದವರಿಗಾಗಿ ಸೌಕರ್ಯವುಳ್ಳ ದಂಡೆಗಳನ್ನು ಈ ಜಿಲ್ಲೆಯಲ್ಲಿಯೇ ಕಟ್ಟಿದ್ದಾರೆ. ಹೊನ್ನಾವರದ ಕಾಸರಕೋಡಿನ ದಂಡೆ ಉಡುಪಿ ಜಿಲ್ಲೆಯ ಪಡುಬಿದ್ರಿಯ ಜತೆಯಲ್ಲಿ 2020ರಲ್ಲಿ ನೀಲಿ ಬಾವುಟದ ಅಂತಾರಾಷ್ಟ್ರೀಯ ಮನ್ನಣೆಯನ್ನು ಪಡೆಯಿತು. ಸ್ವಚ್ಛತೆ, ಸುರಕ್ಷತೆಗಳ ಪರೀಕ್ಷೆಯಲ್ಲಿ ತೇರ್ಗಡೆಯಾದ ದಂಡೆಗೆ ಸಿಗುವ ಮನ್ನಣೆ ಅದು. ಕಡಲನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ. ಇನ್ನು ಈ ದಂಡೆಯಲ್ಲಿ ನಾವು ಮೆಚ್ಚುವುದಾದರೂ ಏನನ್ನು? ಓಂ ಬೀಚಿನಲ್ಲಿಯೂ ಇದೇ ಮರಳು, ಇದೇ ನೀರು. ಒಂದೊಂದು ಗುಡ್ಡ ದಾಟಿದಂತೆ ನಮ್ಮ ಹಿಂದೆ ಒಂದೊಂದು ವಸ್ತು ಉಳಿಯುತ್ತ ಬಂತು: ಮೊದಲು ಪೇಟೆ, ಆಮೇಲೆ ಮೋಟಾರು, ಆಮೇಲೆ ಗದ್ದಲ, ಕೊನೆಗೆ ಮೊಬೈಲಿನ ಸಂಕೇತ. ಇಲ್ಲಿ ಇಲ್ಲದಿರುವುದಕ್ಕಾಗಿಯೇ ನಾವು ಇಲ್ಲಿಗೆ ಬಂದಿದ್ದೆವು. ರಸ್ತೆ ಬಂದ ದಿನ ಅದೆಲ್ಲವೂ ಇಲ್ಲಿಗೆ ಬರುತ್ತದೆ; ಇಲ್ಲಿರುವ ದಂಡೆ ಇನ್ನೊಂದು ಓಂ ಬೀಚು ಆಗುತ್ತದೆ. ಈ ಸ್ಥಳಕ್ಕೆ ಕಾವಲು ಕಾಯುತ್ತಿರುವುದು ಆ ಎರಡು ಗುಡ್ಡಗಳು. ನಮ್ಮ ಬೆವರು ಅಲ್ಲಿ ತೆರಬೇಕಾದ ಸುಂಕ.

ಇನ್ನೊಂದು ಗುಡ್ಡದಾಚೆಗೆ ಬೇಲೇಕಾನ. ಅದರ ಮುಂದೆ ತದಡಿ. ಅಲ್ಲಿ ಅಘನಾಶಿನಿ ಕಡಲನ್ನು ಸೇರುತ್ತದೆ. ಶಿರಸಿಯ ಕಡೆ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಬರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಸಿಹಿನೀರೂ ಉಪ್ಪುನೀರೂ ತಮ್ಮ ಲೆಕ್ಕದಲ್ಲಿಯೇ ಬೆರೆಯುವುದರಿಂದ ಅದರ ಅಳಿವೆಯಲ್ಲಿ ಚಿಪ್ಪಿ ಆಯುವವರ ಸಂಸಾರಗಳು ಬದುಕುತ್ತವೆ. ಗಜನಿಯ ಗದ್ದೆಗಳಲ್ಲಿ ಉಪ್ಪು ನೀರನ್ನು ತಾಳಬಲ್ಲ ಕಗ್ಗದ ಭತ್ತ ಬೆಳೆಯುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಯನ್ನು ರಾಮ್ಸಾರ್ ಒಪ್ಪಂದದ ಜೌಗುಭೂಮಿಗಳ ಪಟ್ಟಿಗೆ ಸೇರಿಸಿದರು. ಅದೇ ಸಲ ಸೇರಿದ ಇನ್ನೊಂದು ನಮ್ಮ ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆ. ತನ್ನ ಪಾಡಿಗೆ ಬಿಟ್ಟದ್ದು ಹಲವರಿಗೆ ಅನ್ನ ಕೊಡಬಲ್ಲುದು ಎಂದು ಗೆಳೆಯರಿಗೆ ಹೇಳಿದೆ. ಅವರು ಒಪ್ಪಿದರೋ, ಊಟದ ಮೇಲಿನ ನಿದ್ದೆಗೆ ಜಾರಿದರೋ ಹೇಳಲಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ಈ ಬರೆಹ ಅರ್ಧ ಸತ್ಯವಾದೀತು. ಏಕಾಂತಕ್ಕೆ ಇನ್ನೊಂದು ಮುಖವಿದೆ. ಅಂಗಡಿ ಇಲ್ಲದಲ್ಲಿ ಆಸ್ಪತ್ರೆಯೂ ಇರುವುದಿಲ್ಲ. ಮೊಬೈಲಿನ ಗದ್ದಲ ಕೇಳಿಸದಲ್ಲಿ ಮೊಬೈಲಿನಿಂದ ಕರೆದರೂ ಯಾರಿಗೂ ಕೇಳಿಸುವುದಿಲ್ಲ. ಮೋಟಾರು ಬರಲಾರದ ದಾರಿಯಲ್ಲಿ ರೋಗಿಯನ್ನು ಹೊತ್ತೇ ಒಯ್ಯಬೇಕು. ನಮ್ಮನ್ನು ಅಲ್ಲಿಗೆ ಎಳೆದು ತಂದ ಗುಣವೇ ಆಪತ್ತಿನಲ್ಲಿ ನಮಗೆ ಎದುರಾಗಿ ನಿಲ್ಲುತ್ತದೆ.

ಘಟ್ಟದ ಮೇಲಿನವರಾದ ನಮಗೆ ಗೊತ್ತಿರುವ ನೀರು ಕೆರೆಯದು, ಬಾವಿಯದು, ಕಾಲುವೆಯದು. ಉಣಕಲ್ಲು ಕೆರೆಯನ್ನೂ ಕೆಲಗೇರಿಯನ್ನೂ ನೋಡಿ ಬೆಳೆದ ಕಣ್ಣು ಅದು. ಅಂದು ನಮ್ಮ ವಿದ್ಯಾರ್ಥಿಯೊಬ್ಬನು ನೀರಿಗಿಳಿಯಲು ಹವಣಿಸಿದಾಗ ದೋಣಿಯ ಬಳಿ ಬಲೆ ಬಿಡಿಸುತ್ತಿದ್ದ ಮುದುಕನೊಬ್ಬನು ತಡೆದನು. ಹುಡುಗ, “ನನಗ ಈಸ ಬರ್ತದರೀ ಅಜ್ಜಾರ,” ಎಂದ. ಮುದುಕ ತಲೆಯೆತ್ತಿ, “ಎಲ್ಲಿ ಕಲ್ತದ್ದು ತಮಾ, ಕೆರೆಯಲ್ಲೋ ಬಾವಿಯಲ್ಲೋ? ಕೆರೆ ನೀರು ಕೂತಿರ್ತದೆ. ಇದು ನಡೀತದೆ,” ಎಂದು ಮತ್ತೆ ಬಲೆಗೆ ಕೈಹಾಕಿದ. ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಪ್ರಾಧ್ಯಾಪಕನೂ ಮಾಡಲಾರ.

ಕಡಲ ನೀರು ಹೇಗೆ ನಡೆಯುತ್ತದೆ ಎಂಬುದನ್ನು ಕೊಂಚ ವಿವರಿಸಬೇಕು. ಅಲೆಗಳು ದಂಡೆಗೆ ನೀರನ್ನು ತಂದು ಸುರಿಯುತ್ತವೆ. ತಂದ ನೀರು ಹಿಂದಿರುಗಲೇಬೇಕಷ್ಟೆ. ಅದು ದಂಡೆಯ ಉದ್ದಕ್ಕೂ ಸಮನಾಗಿ ಹಿಂದಿರುಗದೆ, ಮರಳಿನ ದಿಬ್ಬಗಳ ನಡುವಿನ ತಗ್ಗಿನಲ್ಲಿಯೋ, ಬಂಡೆಯ ಮಗ್ಗುಲಿನಲ್ಲಿಯೋ ಒಂದೆಡೆ ಕೂಡಿಕೊಂಡು ಕಾಲುವೆಯಂತೆ ಒಳಗೆ ಹರಿಯುತ್ತದೆ. ಇದೇ ಸೆಳವು. ಎರಡೂ ಬದಿ ಬಂಡೆಗಳಿರುವ ಅರ್ಧಚಂದ್ರದ ದಂಡೆಗಳಲ್ಲಿ ಬಂಡೆಯ ಪಕ್ಕದ ನೀರನ್ನು ಎಂದೂ ನಂಬಬಾರದು. ಸೆಳವಿನ ಮೇಲೆ ಅಲೆ ಒಡೆಯುವುದು ಕಡಮೆ. ಆದುದರಿಂದ ಸುತ್ತಲಿನ ನೊರೆಯ ನಡುವೆ ಅಷ್ಟು ಜಾಗ ಮಾತ್ರ ಶಾಂತವಾಗಿ ಕಾಣುತ್ತದೆ. ಬಯಲುಸೀಮೆಯವನು, ಇಲ್ಲಿ ಅಲೆಯಿಲ್ಲ, ಇಲ್ಲಿಯೇ ಇಳಿಯೋಣ ಎಂದು ಅದೇ ಜಾಗವನ್ನು ಆರಿಸಿಕೊಳ್ಳುತ್ತಾನೆ. ಇಂದುಮತಿಯ ಎದೆಯ ಮೇಲೆ ಬಿದ್ದದ್ದು ಹೂವಿನ ಮಾಲೆಯೇ ಅಲ್ಲವೆ!

ಸೆಳವು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಒಳಕ್ಕೆ ಒಯ್ಯುತ್ತದೆ. ಅದರ ಬಿರುಸು ಸೆಕೆಂಡಿಗೆ ಎರಡು ಮೀಟರುಗಳನ್ನು ಮುಟ್ಟಬಲ್ಲುದು. ಅದಕ್ಕೆ ಎದುರಾಗಿ ದಂಡೆಯತ್ತ ಈಜಲು ಹೋದ ಗಟ್ಟಿಗನೂ ಸೋತು ಮುಳುಗುತ್ತಾನೆ. ಸಿಕ್ಕಿಕೊಂಡವನು ಗಾಬರಿಯಾಗದೆ ತೇಲಿಕೊಂಡಿದ್ದು, ಕೈಯೆತ್ತಿ ಕೂಗಬೇಕು. ಈಜಬಲ್ಲವನಾದರೆ ದಂಡೆಗೆ ಸಮಾನಾಂತರವಾಗಿ ಬದಿಗೆ ಈಜಿ, ಸೆಳವಿನಿಂದ ಹೊರಬಿದ್ದ ಮೇಲೆ ದಂಡೆಯತ್ತ ತಿರುಗಬೇಕು. ದಂಡೆಯ ಮೇಲಿದ್ದವರು ಹಿಂದು ಮುಂದು ನೋಡದೆ ನೀರಿಗೆ ಹಾರಬಾರದು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ವಾರ್ತೆಗಳನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಹಗ್ಗವನ್ನೋ, ಮುಚ್ಚಳ ಬಿಗಿದ ಖಾಲಿ ಡಬ್ಬಿಯನ್ನೋ ಎಸೆಯುವುದು, ದೋಣಿಯವರನ್ನು ಕೂಗಿ ಕರೆಯುವುದು, ಇವು ವೀರತನವಾಗಿ ಕಾಣದಿದ್ದರೂ ಪ್ರಾಣ ಉಳಿಸುವ ಕೆಲಸಗಳು.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯುವುದಕ್ಕೆ ಕಾರಣವಿದೆ. 2024ರ ಡಿಸೆಂಬರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆಂದು ಬಂದಿದ್ದ ನಾಲ್ವರು ಹುಡುಗಿಯರು ಮುರ್ಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಅದು ಜನರಿಲ್ಲದ ದಂಡೆಯಲ್ಲ. ನಿತ್ಯವೂ ಜಾತ್ರೆ ನೆರೆಯುವ ಸ್ಥಳ. ಆ ಹುಡುಗಿಯರೂ ಕಡಲಿನಿಂದ ಬಹು ದೂರದ ಬಯಲುಸೀಮೆಯವರು, ನಮ್ಮ ಮಕ್ಕಳಂತೆಯೇ. ಚಳಿಗಾಲ ಬಂತೆಂದರೆ ಶಾಲೆ ಕಾಲೇಜುಗಳ ಪ್ರವಾಸಗಳು ಹೊರಡುತ್ತವೆ. ತಂದೆತಾಯಿಗಳು ನಮ್ಮ ಕೈಯಲ್ಲಿ ಮಕ್ಕಳನ್ನು ಒಪ್ಪಿಸಿ, “ಸಂಭಾಳಿಸಿ ಕರಕೊಂಡು ಬರ್ರಿ, ಸರ” ಎಂದು ಬಸ್ಸಿನ ಬಾಗಿಲಲ್ಲಿ ನಿಲ್ಲುತ್ತಾರೆ. ಆ ಮಾತಿನ ಭಾರವನ್ನು ಹೊತ್ತವನಿಗೆ ಕಡಲು ಬರಿಯ ಸೌಂದರ್ಯವಾಗಿ ಕಾಣಲಾರದು. ಪ್ರವಾಸವನ್ನೇ ನಿಲ್ಲಿಸಿಬಿಡಿ ಎನ್ನುವವರಿದ್ದಾರೆ. ಅವರ ದುಃಖ ಅರ್ಥವಾಗುತ್ತದೆ. ಆದರೆ ಗೊತ್ತಿಲ್ಲದ ನೀರಿನಿಂದ ಮಕ್ಕಳನ್ನು ಎಷ್ಟು ವರ್ಷ ದೂರವಿಡಬಲ್ಲೆವು? ಇಂದು ನಾವು ಕರೆದೊಯ್ಯದಿದ್ದರೆ ನಾಳೆ ಗೆಳೆಯರೊಡನೆ ತಾವೇ ಹೋಗುತ್ತಾರೆ. ಆಗ ಹೇಳುವವರು ಯಾರೂ ಜತೆಗಿರುವುದಿಲ್ಲ. ಕರೆದೊಯ್ದು, ದಂಡೆಯ ಮೇಲೆ ಕೂಡಿಸಿ, ಅಲೆ ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯುವುದಿಲ್ಲ ಎಂದು ಅರ್ಧ ತಾಸು ನೋಡಿಸುವುದು ಮೇಲು. ಅಂದು ನಾವು ಹಾಗೆಯೇ ಮಾಡಿದೆವು. ಮೊಣಕಾಲಿನ ಮೇಲಿನ ನೀರಿಗೆ ಯಾರೂ ಇಳಿಯಲಿಲ್ಲ. ಯಾರ ಸಂತೋಷಕ್ಕೂ ಕೊರತೆಯಾಗಲಿಲ್ಲ.

ಇಲ್ಲಿ ಕನ್ನಡ ಕಲಿಸುವವನ ಚಪಲಕ್ಕೆ ಒಂದು ಕ್ಷಣ ಅವಕಾಶ ಕೊಡಬೇಕೆಂದು ಬೇಡುತ್ತೇನೆ. ಗೋಕರ್ಣ, ಅಂಕೋಲೆಗಳ ಕಡೆಯವರು ಕಡಲ ದಂಡೆಗೆ ‘ಬೇಲೆ’ ಎನ್ನುತ್ತಾರೆ. ಗೋಕರ್ಣಕ್ಕೆ ಸಮೀಪದ ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರ ಕಥೆಗಳನ್ನು ಓದಿದವರಿಗೆ ಆ ಸೀಮೆಯ ನುಡಿ ಹೊಸತಲ್ಲ. ಬೇಲೆಯೆಂಬುದು ಸಂಸ್ಕೃತದ 'ವೇಲಾ' ಶಬ್ದದ ತದ್ಭವ. ವನವು ಬನವಾದಂತೆ ವೇಲೆಯು ಬೇಲೆಯಾಯಿತು. ಆ ಮೂಲ ಶಬ್ದಕ್ಕೆ ಕಡಲ ದಂಡೆ, ಎಲ್ಲೆ, ಉಬ್ಬರ, ಕಾಲ ಎಂದು ಹಲವು ಅರ್ಥಗಳಿವೆ. ನಾವು ದಿನವೂ ಆಡುವ ‘ವೇಳೆ’ ಕೂಡ ಅದರದೇ ಇನ್ನೊಂದು ಮಗು. ಘಟ್ಟದ ಕೆಳಗಿನವರು ದಂಡೆಯ ಅರ್ಥವನ್ನು ಇಟ್ಟುಕೊಂಡರು. ನಮ್ಮ ಪಾಲಿಗೆ ಗಡಿಯಾರದ ಅರ್ಥ ಬಂತು. ಕಡಲಿಗೆ ಹೋಗುವವನು ಈ ಅಕ್ಕತಂಗಿಯರನ್ನು ಮತ್ತೆ ಕೂಡಿಸಬೇಕು. ದಂಡೆಯೆಂದರೆ ಒಂದು ವೇಳೆ, ಒಂದು ಎಲ್ಲೆ.

ಆ ವೇಳೆಯ ಲೆಕ್ಕವೂ ಕಠಿಣವಾದುದಲ್ಲ. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಏರಿಗೂ ಇಳಿತಕ್ಕೂ ನಡುವೆ ಆರು ತಾಸಿಗೆ ಕೊಂಚ ಮಿಕ್ಕ ಅಂತರ. ಇಂದಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಸುತ್ತ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಸಣ್ಣವು. ಬೆಳಿಗ್ಗೆ ಸುಲಭವಾಗಿ ದಾಟಿಬಂದ ಬಂಡೆಗಳ ಸಾಲು ಮಧ್ಯಾಹ್ನ ನೀರಿನಲ್ಲಿರಬಹುದು ಎಂಬುದನ್ನು ಮರೆಯಬಾರದು. ಅಂಥಲ್ಲಿ ಬಂಡೆಯ ದಾರಿಯನ್ನು ಬಿಟ್ಟು ಗುಡ್ಡದ ದಾರಿಯನ್ನು ಹಿಡಿಯಬೇಕು.

ಇನ್ನು ಋತುವಿನ ವಿಚಾರ. ನವೆಂಬರದಿಂದ ಫೆಬ್ರುವರಿಯವರೆಗೆ ಈ ಹಾದಿಗೆ ಒಳ್ಳೆಯ ಕಾಲ. ಮಾರ್ಚ ಕಳೆದರೆ ಚಿರೆಕಲ್ಲು ಹೆಂಚಾಗುತ್ತದೆ. ಮಳೆಗಾಲದಲ್ಲಿ ಹೋಗುವ ಮಾತೇ ಬೇಡ. ಕಲ್ಲು ಪಾಚಿಗಟ್ಟಿ ಜಾರುತ್ತದೆ, ದರೆಗಳು ಕುಸಿಯುತ್ತವೆ. ನಮ್ಮ ಬಸ್ಸು ಅಂಕೋಲೆಯಿಂದ ಗೋಕರ್ಣದತ್ತ ಹೋಗುವಾಗ ದಾಟುವ ಶಿರೂರಿನಲ್ಲಿಯೇ 2024ರ ಜುಲೈಯಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜೀವಗಳನ್ನೂ ನುಂಗಿತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ನೂಲುಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಒಪ್ಪಿಸಿ, ಅದರ ಕೋಪ ಇಳಿಯಲೆಂದು ಬೇಡಿಕೊಂಡ ಮೇಲೆ ನೀರಿಗಿಳಿಯುವುದು ಹಿಂದಿನಿಂದ ಬಂದ ಪದ್ಧತಿ. ಹುಟ್ಟಿದಂದಿನಿಂದ ಕಡಲನ್ನು ಬಲ್ಲವರೇ ದೋಣಿಯನ್ನು ದಂಡೆಗೆಳೆದು ಕುಳಿತಿರುವಾಗ, ರವಿವಾರದ ಅತಿಥಿಗಳಾದ ನಾವು ಮೇಲೆ ಬೀಳುವುದು ಯಾವ ಜಾಣತನ?

ಹೊರಡುವವರು ಕಡಮೆ ಎಂದರೆ ನಾಲ್ವರಿರಲಿ. ತಲೆಗೆ ಎರಡು ಲೀಟರಿನಷ್ಟಾದರೂ ನೀರು, ತಲೆಗೆ ಟೊಪ್ಪಿಗೆ, ಕಾಲಿಗೆ ಹಿಡಿತವುಳ್ಳ ಬೂಟು ಇರಲಿ. ದಾರಿ ತೆರೆದಿದೆಯೇ, ಅರಣ್ಯದವರ ಅಥವಾ ಪೋಲೀಸರ ನಿರ್ಬಂಧವೇನಾದರೂ ಇದೆಯೇ ಎಂದು ಊರಿನಲ್ಲಿಯೇ ವಿಚಾರಿಸಿರಿ. ಯಾವ ಹೊತ್ತಿಗೆ ಮರಳುವಿರೆಂದು ತಂಗಿದ ಮನೆಯವರಿಗೆ ಹೇಳಿ ಹೋಗಿರಿ. ಮಧ್ಯಾಹ್ನ ಮೂರು ಗಂಟೆಯೊಳಗೆ ಆ ದಂಡೆಯಿಂದ ಎದ್ದರೆ ಸೂರ್ಯ ಮುಳುಗುವ ಮೊದಲು ಓಂ ಬೀಚಿನ ರಸ್ತೆಯನ್ನು ಮುಟ್ಟಬಹುದು. ಸೂರ್ಯಾಸ್ತವನ್ನು ಅಲ್ಲಿಯೇ ನೋಡಿರಿ. ದರೆಯಂಚಿನ ಕಾಲುದಾರಿಯಲ್ಲಿ ಕತ್ತಲೆಗೆ ಸಿಕ್ಕಿಕೊಳ್ಳುವುದು ಬೇಡ. ಕಾಲು ಸೋತವರನ್ನು ದೋಣಿಯವರು ಕರೆತರುತ್ತಾರೆ. ತೇಲುವ ಅಂಗಿಯನ್ನು ಕೊಡದ ದೋಣಿಯನ್ನು ಮಾತ್ರ ಹತ್ತಬೇಡಿರಿ. ಒಯ್ದ ಡಬ್ಬಿ, ಚೀಲ, ಬಾಟಲಿಗಳೆಲ್ಲ ನಿಮ್ಮ ಬೆನ್ನ ಮೇಲೆಯೇ ಹಿಂದಿರುಗಲಿ. ರಸ್ತೆಯಿಲ್ಲದ ದಂಡೆಗೆ ಕಸ ಒಯ್ಯುವ ಬಂಡಿಯೂ ಬರುವುದಿಲ್ಲ.

ಗಂಟಿನಲ್ಲಿ ರೊಟ್ಟಿಯ ಪಕ್ಕಕ್ಕೆ ಒಂದು ಪಂಚಾಂಗವನ್ನೂ ಇಟ್ಟುಕೊಳ್ಳಿರಿ. ಹೊರಡುವುದಕ್ಕೆ ಮುಹೂರ್ತ ನೋಡಬೇಕಾಗಿಲ್ಲ. ಅಂದಿನ ತಿಥಿ ಯಾವುದೆಂದು ನೋಡಿಕೊಂಡರೆ ಸಾಕು. ಉಳಿದುದನ್ನು ದಂಡೆಯ ಮೇಲೆ ಬಲೆ ಬಿಡಿಸುತ್ತ ಕುಳಿತವರನ್ನು ಕೇಳಿದರೆ ಹೇಳುತ್ತಾರೆ.